ಎಂಟು ನಿಮಿಷದ ಟ್ರಾನ್ಸ್ ಟ್ರ್ಯಾಕ್‌ನ ಪೂರ್ತಿ ಕೇಳೋರು ನಮ್ ಕಡೆ ಯಾರಾದ್ರೂ ಇದೀರಾ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಬನ್ನಿ

ರಾತ್ರಿಪಾಳಿ_ತುಮಕೂರು | ಶನಿವಾರ ರಾತ್ರಿ 11:42

ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಬರೀಬೇಕು ಅಂತಿದ್ದೆ, ಇವತ್ತು ವಾರದ ರಜೆ, ಮನೇಲಿ ಎಲ್ರೂ ಮಲ್ಗಿದಾರೆ, ಅದಕ್ಕೆ ಕೂತ್ಕೊಂಡು ಬರೀತಾ ಇದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ನಾನು ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರೀಲಿ ಕೆಲ್ಸ ಮಾಡೋನು. ತಿಂಗ್ಳಲ್ಲಿ ಎರಡು ವಾರ ನೈಟ್ ಶಿಫ್ಟ್ ಇರುತ್ತೆ. ಟ್ರಾನ್ಸ್ ಅನ್ನೋ ಈ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ಕೇಳೋಕೆ ಶುರು ಮಾಡಿ ಹದಿನೈದು ವರ್ಷದ ಹತ್ರ ಆಯ್ತು, ಇಷ್ಟು ವರ್ಷದಲ್ಲಿ ಇದರ ಬಗ್ಗೆ ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡೋಕೆ ಒಬ್ರೂ ಸಿಕ್ಕಿಲ್ಲ ನಂಗೆ.

ಶುರುವಾಗಿದ್ದು ಹೇಗೆ ಅಂದ್ರೆ, ಪಿಯುಸಿ ಟೈಮಲ್ಲಿ ಬಸ್ ಸ್ಟ್ಯಾಂಡ್ ಹತ್ರ ಒಂದು ಮೊಬೈಲ್ ಅಂಗಡೀಲಿ ಮೆಮೊರಿ ಕಾರ್ಡ್‌ಗೆ ಹಾಡು ಹಾಕಿಸ್ತಿದ್ವಲ್ಲ, ಆಗಿನ ಕಾಲ. ರಾಜ್‌ಕುಮಾರ್ ಹಾಡು, ಆಗಿನ ಹೊಸ ಪಿಕ್ಚರ್ ಹಾಡು ಎಲ್ಲ ಹಾಕಿ ಆದ್ಮೇಲೂ ಕಾರ್ಡಲ್ಲಿ ಜಾಗ ಉಳೀತು, ಅಂಗಡಿಯವರು "ಖಾಲಿ ಯಾಕ್ ಬಿಡ್ತೀಯ" ಅಂತ ಅವರ ಕಂಪ್ಯೂಟರ್‌ನಿಂದ "ಇಂಗ್ಲಿಷ್ ಡಿಜೆ" ಅನ್ನೋ ಫೋಲ್ಡರ್‌ನ ಪೂರ್ತಿ ಎಳೆದು ಹಾಕ್ಬಿಟ್ರು. ಅದ್ರಲ್ಲಿ "ಟ್ರ್ಯಾಕ್ 09" ಅಂತ ಒಂದು ಫೈಲ್. ಹೆಸರಿಲ್ಲ, ಹಾಡಿದವರು ಯಾರು ಗೊತ್ತಿಲ್ಲ, ಹಾಡೋರೇ ಇಲ್ಲ ಅದ್ರಲ್ಲಿ, ಬರೀ ಒಂದು ಪಿಯಾನೊ. ಮೂರು ನಿಮಿಷ ಆಗೋ ಅಷ್ಟ್ರಲ್ಲಿ ಚಾಕು ಹಾಕಿ ಕುಯ್ದ ಹಾಗೆ ಕಟ್. ಫೈಲೇ ಅರ್ಧ ಕಾಪಿ ಆಗಿತ್ತು. ಆ ಅರ್ಧ ಫೈಲ್‌ನ ನಾಲ್ಕು ವರ್ಷ ಕೇಳಿದೀನಿ ನಾನು. ಕಟ್ ಆದ್ಮೇಲೆ ಮುಂದೆ ಏನಿರ್ಬೋದು ಅಂತ ಮನಸ್ಸಲ್ಲೇ ಗುನುಗ್ತಿದ್ದೆ.

ಆಮೇಲೆ ಸ್ನೇಹಿತನ ಸ್ಮಾರ್ಟ್‌ಫೋನಲ್ಲಿ ಶಾಜಾಮ್ ಅನ್ನೋ ಹಾಡು ಗುರುತು ಹಿಡಿಯೋ ಆ್ಯಪ್ ಹಾಕಿ ನೋಡಿದಾಗ ಗೊತ್ತಾಯ್ತು, ಅದು ಇಟಲಿಯ ರಾಬರ್ಟ್ ಮೈಲ್ಸ್ ಅವರ "ಚಿಲ್ಡ್ರನ್", 1995ರದ್ದು. ಪೂರ್ತಿ ಟ್ರ್ಯಾಕ್ ಏಳು ನಿಮಿಷಕ್ಕೂ ಮೇಲೆ. ಅವತ್ತು ರಾತ್ರಿ ಕ್ಯಾತ್ಸಂದ್ರದ ರೂಮಲ್ಲಿ ಲೈಟ್ ಆರಿಸಿ ಪೂರ್ತಿ ಕೇಳ್ದೆ. ನಂಗೆ ಗೊತ್ತಿದ್ದ ಜಾಗ ದಾಟಿ ಅದು ಮುಂದಕ್ಕೆ ಹೋಯ್ತಲ್ಲ, ಆ ಕ್ಷಣಕ್ಕೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳ್ತಿಲ್ಲ. ನಾಲ್ಕು ವರ್ಷ ಬಾಗಿಲ ಹತ್ರ ನಿಂತಿದ್ದ ಮನೆಗೆ ಒಳಗೆ ಕರೆದ ಹಾಗಾಯ್ತು.

ಅದರ ಹಿಂದಿನ ಕತೆ ಇನ್ನೂ ಆಮೇಲೆ ಓದಿದ್ದು. ಅವರ ತಂದೆ ಯುಗೊಸ್ಲಾವಿಯದ ಯುದ್ಧದ ಜಾಗಕ್ಕೆ ನೆರವಿನ ಕೆಲ್ಸಕ್ಕೆ ಹೋಗಿ ಬಂದಾಗ ತಂದಿದ್ದ ಮಕ್ಕಳ ಫೋಟೊಗಳು ಈ ಟ್ಯೂನ್‌ಗೆ ಒಂದು ಕಾರಣವಂತೆ. ಇನ್ನೊಂದು ಕಾರಣ, ಆಗ ಇಟಲೀಲಿ ರಾತ್ರಿಯೆಲ್ಲ ಕ್ಲಬ್ಬಲ್ಲಿ ಕುಣಿದು ಬೆಳಗಿನ ಜಾವ ಅದೇ ಜೋಶಲ್ಲಿ ಕಾರ್ ಓಡಿಸಿ ಆಕ್ಸಿಡೆಂಟಲ್ಲಿ ಹುಡುಗ್ರು ಸಾಯ್ತಿದ್ರು, ಅವರನ್ನ ಸಮಾಧಾನ ಮಾಡಿ ಮನೆಗೆ ಕಳ್ಸೋಕೆ ಕೊನೇಲಿ ಹಾಕೋ ಒಂದು ಟ್ರ್ಯಾಕ್ ಬೇಕಿತ್ತು. ನೈಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ಸಲ್ಲಿ ಕೂತು, ದೇವರಾಯನದುರ್ಗದ ಬೆಟ್ಟದ ಮೇಲೆ ಬೆಳಕು ಬರ್ತಿರೋವಾಗ ಅದನ್ನ ಕೇಳ್ತೀನಲ್ಲ, ಅದು ನಮ್ಮಂಥೋರಿಗೇ ಮಾಡಿದ್ದು ಅನ್ಸುತ್ತೆ. ಅವರು 2017ರಲ್ಲಿ ತೀರ್ಕೊಂಡ್ರು.

ನಾನು ಹೇಳ್ಬೇಕು ಅಂತಿರೋದು ಒಂದೇ ಮಾತು. ಟ್ರಾನ್ಸ್‌ನ ತುಂಡು ಮಾಡಿ ಕೇಳ್ಬೇಡಿ. ಈಗ ಎಲ್ಲ ಮೂವತ್ತು ಸೆಕೆಂಡ್ ರೀಲ್ಸ್, ಬೀಟ್ ಜೋರಾಗಿ ಬಂದು ಬೀಳೋ ಡ್ರಾಪ್ ಎಲ್ಲಿದೆ ಅಂತ ಬೆರಳಲ್ಲಿ ಎಳೆದು ಅಲ್ಲಿಗೇ ಹೋಗೋದು. ಲೆಕ್ಕ ಹಾಕಿ ನೋಡಿ, 138 ಬಿಪಿಎಂ ಅಂದ್ರೆ ನಿಮಿಷಕ್ಕೆ 138 ಪೆಟ್ಟು. ಎಂಟು ನಿಮಿಷಕ್ಕೆ 1104 ಪೆಟ್ಟು. ನಾಲ್ಕು ಪೆಟ್ಟಿಗೆ ಒಂದು ಬಾರ್, ಅಂಥ ಮೂವತ್ತೆರಡು ಬಾರ್ ಕಳೆಯೋಕೆ ಐವತ್ತೈದು ಸೆಕೆಂಡ್‌ಗೂ ಜಾಸ್ತಿ ಬೇಕು, ಅಷ್ಟು ಹೊತ್ತಲ್ಲಿ ಒಂದೋ ಎರಡೋ ಶಬ್ದ ಸೇರುತ್ತೆ ಅಷ್ಟೆ. ಅಷ್ಟೊತ್ತಿಗೆ ನಿಮ್ ಉಸಿರು, ಕಾಲು, ತಲೆ ಎಲ್ಲ ಅದರ ಜೊತೆ ಹೊಂದ್ಕೊಂಡಿರುತ್ತೆ, ಆಗ ಬೀಟ್ ನಿಂತು ಬರೀ ಸ್ವರ ಉಳಿಯುತ್ತಲ್ಲ, ಆ ಬ್ರೇಕ್‌ಡೌನ್‌ಗೆ ಬೆಲೆ ಬರೋದು ಹಿಂದಿನ ನಾಲ್ಕು ನಿಮಿಷದಿಂದ. ನೇರವಾಗಿ ಅಲ್ಲಿಗೆ ಹಾರಿದ್ರೆ ಅದು ಬರೀ ಒಂದು ಚೆಂದದ ಟ್ಯೂನ್.

ನಿಮ್ ಕತೆ ಹೇಳಿ. ಯಾರಾದ್ರೂ ಇದೀರಾ?

ಕೋಲಾರ_ಬೀಟ್ಸ್ | ಭಾನುವಾರ 12:20

ಅಣ್ಣಾ ಇದೀನಿ ಅಣ್ಣಾ!! ಓದಿ ಮೈ ಜುಮ್ ಅಂತು. ನಾನು ಕೋಲಾರದವನು, ಮನೇಲೇ ಎಫ್‌ಎಲ್ ಸ್ಟುಡಿಯೋ ಅನ್ನೋ ಸಾಫ್ಟ್‌ವೇರಲ್ಲಿ ಟ್ರ್ಯಾಕ್ ಮಾಡ್ತೀನಿ.

2012ರ ನವೆಂಬರಲ್ಲಿ ಬೆಂಗಳೂರಿಗೆ ಅಬೌವ್ ಅಂಡ್ ಬಿಯಾಂಡ್ ಅನ್ನೋ ಟ್ರಾನ್ಸ್ ತಂಡ ಬಂದಿತ್ತಲ್ಲ, ಅವರ "ಟ್ರಾನ್ಸ್ ಅರೌಂಡ್ ದಿ ವರ್ಲ್ಡ್" ರೇಡಿಯೊ ಶೋನ 450ನೇ ಸಂಚಿಕೆ, ಅದಕ್ಕೆ ಹೋಗಿದ್ದೆ ನಾನು. ಆಗ ಡಿಪ್ಲೊಮಾ ಓದ್ತಿದ್ದೆ, ಟಿಕೆಟ್‌ಗೆ ಅಂತ ಎರಡು ತಿಂಗ್ಳು ಟೊಮ್ಯಾಟೊ ಮಂಡೀಲಿ ಬೆಳಗ್ಗೆ ಲೆಕ್ಕ ಬರ್ಕೊಳೋ ಕೆಲ್ಸ ಮಾಡಿದ್ದೆ. ಸ್ಟೇಜ್ ಹಿಂದಿನ ದೊಡ್ಡ ಸ್ಕ್ರೀನ್ ಮೇಲೆ ಅವರು ಅಲ್ಲೇ ಟೈಪ್ ಮಾಡ್ತಾರೆ, ನಮ್ಗೇ ಕಾಗ್ದ ಬರ್ದಂಗೆ. ಮುಗ್ದಾಗ ಕೋಲಾರಕ್ಕೆ ಬಸ್ಸಿಲ್ಲ. ಮೆಜೆಸ್ಟಿಕ್‌ನಲ್ಲಿ ಕಂಬಕ್ಕೆ ಒರಗಿ ಕೂತಿದ್ದೆ, ಕಿವೀಲಿ ಗುಂಯ್ ಅಂತಿತ್ತು, ಒಂದು ಚೂರೂ ನಿದ್ದೆ ಬರ್ಲಿಲ್ಲ, ಬೇಕೂ ಇರ್ಲಿಲ್ಲ. ಆ ಶೋಗೆ ಅದೇ ಕೊನೆ ಸಂಚಿಕೆ, ಆಮೇಲೆ "ಗ್ರೂಪ್ ಥೆರಪಿ" ಅಂತ ಹೊಸ ಶೋ ಶುರು ಮಾಡಿದ್ರು. ಜಗತ್ತಲ್ಲಿ ಎಲ್ಲಿ ಬೇಕಾದ್ರೂ ಮಾಡ್ಬೋದಿತ್ತು, ನಮ್ ಬೆಂಗಳೂರಲ್ಲಿ ಮಾಡಿದ್ರು. ಅದನ್ನ ನೆನಸ್ಕೊಂಡ್ರೆ ಇವತ್ತಿಗೂ ಖುಷಿ.

ಪೂರ್ತಿ ಕೇಳ್ಬೇಕು ಅನ್ನೋ ಮಾತಿಗೆ ನನ್ ಪೂರ್ತಿ ವೋಟು.

ಪಾವಗಡ_ಬಿಸಿಲು | ಭಾನುವಾರ 7:15

ಒಂದು ಪ್ರಶ್ನೆ ಕೇಳ್ಲಾ, ತಪ್ಪು ತಿಳ್ಕೋಬೇಡಿ. ನಂಗೆ ಈ ಸಂಗೀತ ಹಿಡಿಸಿಲ್ಲ, ಹಿಡಿಸ್ಬೇಕು ಅಂತ ಪ್ರಯತ್ನ ಪಟ್ಟಿದೀನಿ. ಎಲ್ಲ ಮಷಿನ್ ಶಬ್ದ, ಒಂದೇ ಥರ ಧಪ್ ಧಪ್ ಧಪ್, ಮಾತಿಲ್ಲ. ನಮ್ಗೆ ಹಾಡು ಅಂದ್ರೆ ಸಾಹಿತ್ಯ ಬೇಕು, ಒಂದು ಸಾಲು ನೆಂಚ್ಕೊಂಡು ದಿನವಿಡೀ ಇರೋಕೆ. ಜೊತೆಗೆ ನಮ್ಮೂರಲ್ಲಿ ಡಿಜೆ ಅಂದ್ರೆ ಗಣೇಶ ಬಿಡೋವಾಗ ಟ್ರ್ಯಾಕ್ಟರ್ ಮೇಲೆ ಬಾಕ್ಸ್ ಗೋಡೆ ಥರ ಜೋಡಿಸ್ಕೊಂಡು ಬರೋದು, ಹೋದ್ ಸಲ ನಮ್ಮಜ್ಜಿ ಎದೆ ಹಿಡ್ಕೊಂಡು ಕೂತಿದ್ರು, ಕಿಟಕಿ ಗಾಜು ಅದುರ್ತಿತ್ತು. ಆ ಶಬ್ದಕ್ಕೂ ಇದಕ್ಕೂ ಏನ್ ವ್ಯತ್ಯಾಸ?

ರಾತ್ರಿಪಾಳಿ_ತುಮಕೂರು | ಭಾನುವಾರ 9:03

ನೇರವಾಗಿ ಕೇಳಿದ್ದು ಒಳ್ಳೇದಾಯ್ತು ಸಾರ್. ಅಜ್ಜಿ ವಿಷ್ಯ ಓದಿ ಸಂಕಟ ಆಯ್ತು, ಈಗ ಆರಾಮಿದಾರಲ್ವಾ? ಆ ಬಾಕ್ಸ್ ಗೋಡೆ ನಂಗೂ ಆಗಲ್ಲ. ಅಲ್ಲಿ ಬೇಕಿರೋದು ಎದೆಗೆ ಗುದ್ದೋ ಬೇಸ್ ಅಷ್ಟೆ, ಟ್ಯೂನ್ ಯಾವ್ದಾದ್ರೂ ನಡಿಯುತ್ತೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮೈಕ್ ಹಾಕಂಗಿಲ್ಲ ಅಂತ 2000ದಿಂದ ನಿಯಮ ಇದೆ, ಪಾಲಿಸೋದು ಬಿಡೋದು ಬೇರೆ ಮಾತು. ಟ್ರಾನ್ಸ್‌ನ ಸಣ್ಣ ಸೌಂಡಲ್ಲಿ ಕೇಳ್ಬೋದು, ನಾನಂತೂ ಹಾಗೇ ಕೇಳೋದು. ಸೌಂಡ್ ಜಾಸ್ತಿ ಮಾಡಿದ್ರೆ ಅದರ ನವಿರೆಲ್ಲ ಹೋಗುತ್ತೆ.

ಮಾತಿಲ್ಲ ಅಂದ್ರಿ. ನಿಜ, ಸುಮಾರು ಟ್ರ್ಯಾಕಲ್ಲಿ ಇರಲ್ಲ. ನಾನೂ ಸಾಹಿತ್ಯ ಇರೋ ಹಾಡು ಕೇಳ್ತೀನಿ, ಬೇಕು ಅದು. ಆದ್ರೆ ಹತ್ತು ಗಂಟೆ ಮಷಿನ್ ಮುಂದೆ ನಿಂತು, ಸೂಪರ್‌ವೈಸರ್ ಮಾತು, ಫೋನಲ್ಲಿ ಮನೆ ಮಾತು ಎಲ್ಲ ಕೇಳಿ ಕೇಳಿ ಬಂದ್ಮೇಲೆ ನಂಗೆ ಏನೂ ಹೇಳ್ದೇ ಇರೋ ಸಂಗೀತ ಬೇಕಾಗುತ್ತೆ. ನನ್ ದುಃಖ ಏನು ಅಂತ ಅದು ಹೇಳ್ಕೊಡಲ್ಲ. ನನ್ ಹತ್ರ ಏನಿದ್ಯೋ ಅದನ್ನೇ ಇಟ್ಕೊಂಡು ಕೂರೋಕೆ ಜಾಗ ಕೊಡುತ್ತೆ.

ನಮ್ಮೂರ ಆಂಜನೇಯನ ಗುಡೀಲಿ ಏಕಾಹ ಭಜನೆ ಅಂತ ಮಾಡ್ತಾರೆ, ಒಂದು ಹಗಲು ಒಂದು ರಾತ್ರಿ ನಿಲ್ಲಿಸ್ದೇ ರಾಮನಾಮ. ಒಂದು ತಂಡ ದಣಿದ್ರೆ ಇನ್ನೊಂದು ತಂಡ ಕೂರುತ್ತೆ, ನಾಮ ಮಾತ್ರ ಕಡಿಯಂಗಿಲ್ಲ. ರಾತ್ರಿ ಮೂರು ಗಂಟೆಗೆ ಹೋಗಿ ಕೂತಿದೀರಾ ಯಾವತ್ತಾದ್ರೂ? ಆಗ ಆ ನಾಮ ಬರೀ ಪದ ಆಗಿ ಉಳಿದಿರಲ್ಲ, ತಾಳದ ಜೊತೆ ಸೇರಿ ಉಸಿರಾಟ ಆಗ್ಬಿಟ್ಟಿರುತ್ತೆ. ಒಂದೇ ಥರ ಇರೋದ್ರಿಂದಾನೇ ಅದು ಆಗೋದು.

ಶ್ರುತಿಪೆಟ್ಟಿಗೆ | ಭಾನುವಾರ 10:48

ಚಿಕ್ಕಬಳ್ಳಾಪುರದಿಂದ ನಾನು. ಹನ್ನೊಂದು ವರ್ಷ ಕರ್ನಾಟಕ ಸಂಗೀತ ಹಾಡೋಕೆ ಕಲ್ತಿದೀನಿ, ಈಗ ಮಕ್ಳಿಗೆ ಸರಳೆ ಜಂಟಿ ಹೇಳ್ಕೊಡ್ತೀನಿ. ತಮ್ಮ ಇಂಜಿನಿಯರಿಂಗ್ ಸೇರ್ದಾಗ ಮನೆಗೆ ತಂದಿದ್ದು ಈ ಟ್ರಾನ್ಸು, ಮೊದಲು ಬೈತಿದ್ದೆ, ಈಗ ಅವನಿಗಿಂತ ನಾನೇ ಜಾಸ್ತಿ ಕೇಳ್ತೀನಿ.

ಒಂದು ವಿಷ್ಯ ನೋಡಿ. ಕ್ಲೈಮ್ಯಾಕ್ಸ್‌ಗೆ ಮುಂಚೆ ಸ್ನೇರ್ ಡ್ರಮ್ ಬರುತ್ತಲ್ಲ, ಮೊದಲು ಬಿಡಿ ಬಿಡಿಯಾಗಿ, ಆಮೇಲೆ ಎರಡರಷ್ಟು, ಆಮೇಲೆ ನಾಲ್ಕರಷ್ಟು. ನಾನು ಮಕ್ಳಿಗೆ ಅಲಂಕಾರನ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ಹೇಳ್ಕೊಡೋದು ಇದನ್ನೇ. ತಾಳ ಬದಲಾಗಲ್ಲ, ಅದರೊಳಗಿನ ಅಕ್ಷರ ದುಪ್ಪಟ್ಟಾಗುತ್ತೆ. ಮೂರನೇ ಕಾಲಕ್ಕೆ ಬಂದಾಗ ಮಕ್ಳ ಮುಖ ನೋಡ್ಬೇಕು, ಕಣ್ಣು ಇಷ್ಟಗಲ ಆಗಿರುತ್ತೆ, ಎಲ್ಲಿ ತಪ್ಪುತ್ತೋ ಅನ್ನೋ ಭಯ, ದಾಟಿದ್ರೆ ಆಗೋ ಸಂತೋಷ. ಅದೇ ಸಂತೋಷಾನೇ ಇಲ್ಲೂ.

ರಾಗದ ವಿಷ್ಯಕ್ಕೆ ಬಂದ್ರೆ, ಅಪ್‌ಲಿಫ್ಟಿಂಗ್ ಅನ್ನೋ ಬಗೆಯ ಟ್ರಾನ್ಸಲ್ಲಿ ಬಹಳಷ್ಟು, ಪಾಶ್ಚಾತ್ಯರು ಮೈನರ್ ಅನ್ನೋ ಸ್ಕೇಲಲ್ಲೇ ಇರುತ್ತೆ, ನಮ್ಮ ಲೆಕ್ಕದಲ್ಲಿ ಅದು 20ನೇ ಮೇಳ ನಠಭೈರವಿಯ ಸ್ವರಗಳು. ಸೈಟ್ರಾನ್ಸ್ ಅನ್ನೋ ಇನ್ನೊಂದು ಬಗೆ ಕೇಳ್ದಾಗ ಒಂಥರ ಮರಳುಗಾಡಿನ ವಾಸನೆ ಬರುತ್ತಲ್ಲ, ಅಲ್ಲಿ ಎಷ್ಟೋ ಸಲ 14ನೇ ಮೇಳ ವಕುಳಾಭರಣದ ಸ್ವರಗಳಿರುತ್ತೆ. ಸ್ವರಗಳು ಅಂದೆ, ರಾಗ ಅನ್ನಲಿಲ್ಲ. ಇದನ್ನ ಆಲಾಪನೆಗೆ ಹೋಲಿಸೋರಿದಾರೆ, ನಾನು ಒಪ್ಪಲ್ಲ. ಗಮಕ, ಅಂದ್ರೆ ಸ್ವರದ ಓಲಾಟ, ಇಲ್ದೆ ರಾಗ ಇಲ್ಲ, ಟ್ರಾನ್ಸಲ್ಲಿ ಸ್ವರ ನೆಟ್ಟಗೆ ನಿಂತಿರುತ್ತೆ. ಆದ್ರೆ ತುಂಬ ದಿನ ಕೇಳಿದ್ಮೇಲೆ ನಂಗೆ ತಿಳಿದಿದ್ದು, ಇವರು ಗಮಕ ಇಡೋದು ನಾದದ ಬಣ್ಣದಲ್ಲಿ. ಒಂದೇ ಸ್ವರಾನ ಹಿಡ್ಕೊಂಡು, ಫಿಲ್ಟರ್ ಅಂತಾರಲ್ಲ ಅದನ್ನ ನಿಧಾನಕ್ಕೆ ತೆಗೀತಾ ಹೋಗ್ತಾರೆ, ಬಾಯಿ ಮುಚ್ಚಿ "ಮ್" ಅಂದು ಮೆಲ್ಲಗೆ "ಆ" ಅಂತ ಬಿಡಿಸಿದ ಹಾಗೆ. ನಾನು ದಿನಾ ಬೆಳಗ್ಗೆ ಮಂದ್ರ ಷಡ್ಜ ಸಾಧನೆ ಮಾಡೋದೂ ಹಾಗೇನೇ.

ಕೋಲಾರ_ಬೀಟ್ಸ್ | ಭಾನುವಾರ 11:30

ಅಕ್ಕ, ಕೈ ಮುಗಿದೆ. "ಮ್" ಇಂದ "ಆ". ಇಷ್ಟು ವರ್ಷದಲ್ಲಿ ಫಿಲ್ಟರ್‌ನ ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ ನಂಗೆ, ಯೂಟ್ಯೂಬಲ್ಲಿ ಎಷ್ಟು ಪಾಠ ನೋಡಿದೀನಿ.

ಮಾಡೋನ ಕಡೆಯಿಂದ ಎರಡು ವಿಷ್ಯ ಹೇಳ್ತೀನಿ, ಗೊತ್ತಾದ್ರೆ ಕೇಳೋ ರುಚಿ ಹೆಚ್ಚುತ್ತೆ. ಒಂದು, ಆಕಾಶ ತುಂಬೋ ಥರ ಅಗಲವಾಗಿ ಬರುತ್ತಲ್ಲ ಮುಖ್ಯ ಟ್ಯೂನ್ ನುಡಿಸೋ ಆ ಲೀಡ್ ಶಬ್ದ, ಅದಕ್ಕೆ ಸೂಪರ್‌ಸಾ ಅಂತಾರೆ. 90ರ ದಶಕದ ಎರಡನೇ ಅರ್ಧದಲ್ಲಿ ರೋಲ್ಯಾಂಡ್ ಕಂಪನಿಯ ಜೆಪಿ-8000 ಅನ್ನೋ ಸಿಂತಸೈಜರಲ್ಲಿ, ಅಂದ್ರೆ ಕರೆಂಟಲ್ಲಿ ಶಬ್ದ ಹುಟ್ಟಿಸೋ ಕೀಬೋರ್ಡಲ್ಲಿ ಬಂತು. ಒಂದೇ ಸ್ವರಾನ ಏಳು ಸಲ ಒಟ್ಟಿಗೆ ನುಡಿಸುತ್ತೆ, ಆದ್ರೆ ಒಂದೊಂದನ್ನೂ ಕೂದಲೆಳೆಯಷ್ಟು ಆಚೀಚೆ ಶ್ರುತಿ ತಪ್ಪಿಸಿ. ಏಳೂ ಕರಾರುವಾಕ್ಕಾಗಿ ಒಂದೇ ಶ್ರುತೀಲಿದ್ರೆ ಆ ಅಗಲ ಬರಲ್ಲ. ರಾತ್ರಿಪಾಳಿ ಅಣ್ಣ ಹೇಳಿದ್ರಲ್ಲ ಭಜನೆ, ಅಲ್ಲಿ ಹತ್ತು ಜನ ಹತ್ತು ಕಂಠದಲ್ಲಿ ಹಾಡ್ದಾಗ ಒಂದು ದಪ್ಪ ಬರುತ್ತಲ್ಲ, ಅದೇ ಗುಟ್ಟು.

ಎರಡು, ಸೈಡ್‌ಚೈನ್. ಕಿಕ್, ಅಂದ್ರೆ ಆ ಧಪ್ ಅನ್ನೋ ಡ್ರಮ್ ಪೆಟ್ಟು, ಬಿದ್ದಾಗೆಲ್ಲ ಬೇರೆ ಶಬ್ದಗಳು ಒಂದು ಕ್ಷಣ ತಗ್ಗಿ ದಾರಿ ಬಿಡ್ತವೆ, ಕಿಕ್ ಹೋದ್ ತಕ್ಷಣ ಮತ್ತೆ ಏಳ್ತವೆ. ಸಂಗೀತ ಉಸಿರಾಡ್ದಂಗೆ ಅನ್ಸುತ್ತಲ್ಲ, ಅದು ಇದು. ಮೊದಲ್ನೇ ಸಲ ನನ್ ಟ್ರ್ಯಾಕಲ್ಲಿ ಅದನ್ನ ಹಾಕ್ದಾಗ, ಹಿಂದೆ ಎಳೆದು ನಿಲ್ಲೋ ಪ್ಯಾಡ್ ಶಬ್ದ ಸತ್ತು ಬಿದ್ದಿದ್ದು ಎದ್ದು ಕೂತ ಹಾಗಾಯ್ತು, ರಾತ್ರಿ ಎರಡು ಗಂಟೇಲಿ ಅಮ್ಮನ್ನ ಎಬ್ಬಿಸಿ ಕೇಳಿಸಿದೀನಿ.

ಚಿಂತಾಮಣಿ_ತಮಟೆ | ಭಾನುವಾರ 2:05

ನಮಸ್ಕಾರ. ನಾನು ತಮಟೆ ಬಾರಿಸೋನು. ಕಸುಬು ಬೇರೆ ಇದೆ, ಆದ್ರೆ ಊರ ಹಬ್ಬ, ದ್ಯಾವ್ರ ಉತ್ಸವ ಅಂದ್ರೆ ನಮ್ ತಂಡ ಇರ್ಲೇಬೇಕು. ನಮ್ ಜಿಲ್ಲೆಯ ಮುನಿವೆಂಕಟಪ್ಪ ಅವರಿಗೆ ತಮಟೆಗೇ ಅಂತ 2023ರಲ್ಲಿ ಪದ್ಮಶ್ರೀ ಬಂತು, ಆವತ್ತು ನಮ್ ಕೇರೀಲಿ ಹಬ್ಬ.

ಪಾವಗಡದ ಅಣ್ಣ, ಒಂದೇ ಥರ ಧಪ್ ಧಪ್ ಅಂದ್ರಲ್ಲ, ನಮ್ಗೂ ಅದೇ ಮಾತು ಹೇಳಿದೋರಿದಾರೆ. ಹತ್ರ ಬಂದು ನೋಡಿ. ಬಾರಿಸೋಕೆ ಮುಂಚೆ ಹುಲ್ಲು ಹಚ್ಚಿ ಆ ಬೆಂಕೀಲಿ ಚರ್ಮ ಕಾಯಿಸ್ತೀವಿ, ಬೆರಳಲ್ಲಿ ತಟ್ಟಿ ತಟ್ಟಿ ನೋಡ್ತೀವಿ, ನಾದ ಕಂಚಿನ ಥರ ಬರೋವರ್ಗೂ ಬಿಡಲ್ಲ. ಒಂದು ಕೈಲಿ ಗಿಡ್ಡ ದಪ್ಪ ಕೋಲು, ಇನ್ನೊಂದ್ರಲ್ಲಿ ಸಣ್ಣ ಉದ್ದ ಕಡ್ಡಿ. ದಪ್ಪ ಕೋಲು ನಡೆ ಹಿಡ್ಕೊಂಡಿರುತ್ತೆ, ಕಡ್ಡಿ ಅದರ ಮೇಲೆ ಆಡುತ್ತೆ. ನಡೆ ಬದಲಾಯಿಸ್ಬಾರ್ದು, ಒಂದು ಗಂಟೆ ಆದ್ರೂ ಬದಲಾಯಿಸ್ಬಾರ್ದು, ಯಾಕಂದ್ರೆ ಮುಂದೆ ಒಬ್ಬರು ಕುಣೀತಾ ಇರ್ತಾರೆ, ಅವರ ಮೈಮೇಲೆ ದ್ಯಾವ್ರು ಬರೋ ಹೊತ್ತಿಗೆ ನಡೆ ತಪ್ಪಿದ್ರೆ ಅವರು ಬಿದ್ದೋಗ್ತಾರೆ. ಅವರನ್ನ ಹಿಡ್ಕೊಂಡಿರೋದು ಆ ಪೆಟ್ಟೇ.

ನಮ್ ತಂಡದ ಒಬ್ಬ ಹುಡುಗ ಸೈಟ್ರಾನ್ಸ್ ಅಂತ ಕೇಳಿಸ್ದ, 145 ಅಂತೇನೋ ಸ್ಪೀಡು. ಕಿಕ್ಕಿನ ಮಧ್ಯ ಮಧ್ಯ ಬೇಸ್ ಓಡ್ತಾ ಇತ್ತು. ಕೇಳ್ದ ತಕ್ಷಣ ಕೈ ತಾನಾಗೇ ಮೊಣಕಾಲ ಮೇಲೆ ಕಡ್ಡಿ ಪೆಟ್ಟು ಹಾಕ್ತು. ಇದನ್ನ ಮಾಡಿದೋನು ಮಷಿನಲ್ಲೇ ಮಾಡಿರ್ಲಿ, ಕುಣಿಯೋನನ್ನ ಬೀಳ್ಸಬಾರ್ದು ಅನ್ನೋದು ಅವನಿಗೂ ಗೊತ್ತಿದೆ.

ಕೆಜಿಎಫ್_ಚಾಂಪಿಯನ್ | ಭಾನುವಾರ 4:40

ಸೈಟ್ರಾನ್ಸ್ ಮಾತು ಬಂತಲ್ಲ, ಅದಕ್ಕೆ ಬಂದೆ. ಟ್ರಾನ್ಸ್ ಅಂದ್ರೆ 1990ರ ಸುಮಾರಿಗೆ ಜರ್ಮನಿ ಫ್ರಾಂಕ್‌ಫರ್ಟ್ ಕಡೆ ಹುಟ್ಟಿದ್ದು ಅಂತ ಎಲ್ರೂ ಬರೀತಾರೆ, ಅದು ಸರಿ. ಅದರ ಜೊತೆಗೇ ನಮ್ ಪಕ್ಕದ ಗೋವಾದ ಅಂಜುನಾ ಬೀಚಲ್ಲಿ ಇನ್ನೊಂದು ಕವಲು ಬೆಳೀತಿತ್ತು. ಗೋವಾ ಗಿಲ್ ಅಂತ ಒಬ್ರು ಡಿಜೆ, ಅಮೆರಿಕದಿಂದ ಬಂದು ಅಲ್ಲೇ ಉಳಿದವರು, ಹುಣ್ಣಿಮೆ ರಾತ್ರಿ ಶುರು ಮಾಡಿ ಮಾರನೇ ದಿನದವರೆಗೂ ನುಡಿಸ್ತಿದ್ರು, 2023ರಲ್ಲಿ ತೀರ್ಕೊಂಡ್ರು. ಅಲ್ಲಿನ ಬಿಸಿಲು ಮರಳಿಗೆ ರೆಕಾರ್ಡ್ ಪ್ಲೇಟ್ ಸೊಟ್ಟ ಆಗುತ್ತೆ ಅಂತ ಕ್ಯಾಸೆಟ್, ಡ್ಯಾಟ್ ಅನ್ನೋ ಡಿಜಿಟಲ್ ಟೇಪಲ್ಲೇ ನುಡಿಸ್ತಿದ್ದಿದ್ದು. ಅಬೌವ್ ಅಂಡ್ ಬಿಯಾಂಡ್ ಅವರ ಕಂಪನಿ ಹೆಸರು ಅಂಜುನಾಬೀಟ್ಸ್, ಅದು ಈ ಅಂಜುನಾದಿಂದಾನೇ ಬಂದಿದ್ದು.

ನಮ್ ತಾತ ಇಲ್ಲಿನ ಚಿನ್ನದ ಗಣಿಯ ಚಾಂಪಿಯನ್ ರೀಫಲ್ಲಿ ಕೆಲ್ಸ ಮಾಡ್ತಿದ್ರು. ಗಣಿ 2001ರಲ್ಲಿ ಮುಚ್ಚಿದ್ಮೇಲೆ ಊರಲ್ಲಿ ಒಂಥರ ನಿಶ್ಶಬ್ದ ಬಂತು ಅಂತ ಅಪ್ಪ ಈಗ್ಲೂ ಹೇಳ್ತಾರೆ, ಶಿಫ್ಟ್ ಸೈರನ್ ಇಲ್ಲ, ಶಾಫ್ಟ್ ಚಕ್ರದ ಶಬ್ದ ಇಲ್ಲ. ನಾನು ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಕಡೆ ಸಂಜೆ ವಾಕ್ ಹೋಗೋವಾಗ ಟ್ರಾನ್ಸ್ ಹಾಕ್ಕೊಳ್ತೀನಿ. ಬೇರೆ ಹಾಡು ಆ ಜಾಗಕ್ಕೆ ಹೊಂದಲ್ಲ, ಯಾಕೋ.

ಶ್ರುತಿಪೆಟ್ಟಿಗೆ | ಭಾನುವಾರ 6:10

ನಮ್ ದೇಶದ ಮಾತು ಬಂತಲ್ಲ, ಚರಣ್‌ಜಿತ್ ಸಿಂಗ್ ಹೆಸರು ಹೇಳ್ದೆ ಹೋದ್ರೆ ತಪ್ಪಾಗುತ್ತೆ. ಮುಂಬೈಲಿ ಸಿನಿಮಾ ಹಾಡುಗಳಿಗೆ ನುಡಿಸ್ತಿದ್ದವರು. 1982ರಲ್ಲಿ ಹತ್ತು ರಾಗಗಳನ್ನ ತಗೊಂಡು ಡಿಸ್ಕೊ ಬೀಟ್‌ಗೆ ಸಿಂತಸೈಜರಲ್ಲಿ ನುಡಿಸಿ ಒಂದು ರೆಕಾರ್ಡ್ ಮಾಡಿದ್ರು. ಬಳಸಿದ್ದು ರೋಲ್ಯಾಂಡ್ ಟಿಬಿ-303 ಅನ್ನೋ ಪುಟ್ಟ ಬೇಸ್ ಪೆಟ್ಟಿಗೆ, ಟಿಆರ್-808 ಡ್ರಮ್ ಮಷಿನು, ಜುಪಿಟರ್-8. ಆ 303, ಗಿಟಾರ್ ಅಭ್ಯಾಸಕ್ಕೆ ಜೊತೆ ಇರ್ಲಿ ಅಂತ 1981ರಲ್ಲಿ ಮಾಡಿದ್ದು, ಹೆಚ್ಚು ಜನ ಕೊಳ್ಳಲಿಲ್ಲ, 1984ಕ್ಕೆ ನಿಲ್ಲಿಸಿದ್ರು. ಚಿಕಾಗೊ ಹುಡುಗರು ಅದೇ ಪೆಟ್ಟಿಗೇಲಿ ಆಸಿಡ್ ಹೌಸ್ ಅಂತ ಡ್ಯಾನ್ಸ್ ಸಂಗೀತ ಮಾಡಿ ರೆಕಾರ್ಡ್ ತಂದಿದ್ದು 1987ರಲ್ಲಿ. ನಮ್ಮವರು ಅದಕ್ಕೆ ಐದು ವರ್ಷ ಮುಂಚೆ. ಆಗ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, 2010ರಲ್ಲಿ ಮತ್ತೆ ಬಿಡುಗಡೆ ಆದಾಗ ಜಗತ್ತು ತಿರುಗಿ ನೋಡ್ತು, 2015ರಲ್ಲಿ ಹೋದ್ರು ಪಾಪ, ಆ ಐದು ವರ್ಷನಾದ್ರೂ ಮರ್ಯಾದೆ ನೋಡಿದ್ರಲ್ಲ.

ಅದನ್ನ ಕೇಳ್ದಾಗ ನಂಗೆ ಮೊದಲು ಕಿವಿಗೆ ಬಿದ್ದಿದ್ದು 303ರ ಸ್ಲೈಡ್. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತೆ ಅದು. ನಾವು ಜಾರು ಅಂತೀವಲ್ಲ, ಅದೇ! ಮೇಲೆ ನಾನು ಸ್ವರ ನೆಟ್ಟಗೆ ನಿಂತಿರುತ್ತೆ ಅಂದೆ, ಈ ಪೆಟ್ಟಿಗೆ ಮಟ್ಟಿಗೆ ಆ ಮಾತು ವಾಪಸ್ ತಗೋತೀನಿ. ಇನ್ನೂ ಹಿಂದಕ್ಕೆ ಹೋದ್ರೆ 1969ರಲ್ಲೇ ಅಹಮದಾಬಾದಿನ ಎನ್‌ಐಡಿ ಡಿಸೈನ್ ಕಾಲೇಜಿಗೆ ಮೂಗ್ ಸಿಂತಸೈಜರ್ ಬಂದಿತ್ತು, ಅಲ್ಲಿ ಆಗ ಮಾಡಿದ ಟೇಪುಗಳು 2023ರಲ್ಲಿ ಹೊರಗೆ ಬಂದಿವೆ. ಹೊರಗಿನವರ ಸಂಗೀತ ಅಂತ ದೂರ ಇಡೋರಿಗೆ ಇದನ್ನೆಲ್ಲ ಹೇಳ್ಬೇಕು.

ಗೌರಿಬಿದನೂರು_ಬೋಗಿ | ಭಾನುವಾರ 7:22

ನಾನು ದಿನಾ ರೈಲಲ್ಲಿ ಬೆಂಗಳೂರಿಗೆ ಓಡಾಡೋನು, ಹೊಸಬ. ಇಯರ್‌ಫೋನ್ ಯಾವ್ದು ಬೇಕು, ಎಲ್ಲಿಂದ ಶುರು ಮಾಡ್ಲಿ, ಯಾರಾದ್ರೂ ಸರಳವಾಗಿ ಹೇಳಿ.

ರಾತ್ರಿಪಾಳಿ_ತುಮಕೂರು | ಭಾನುವಾರ 8:50

ಗುರು, ಇಯರ್‌ಫೋನ್‌ಗೆ ದುಡ್ಡು ಸುರೀಬೇಡಿ. ಕಿವಿ ತೂತಿಗೆ ಸರಿಯಾಗಿ ಕೂರೋ ರಬ್ಬರ್ ಇರೋ ವೈರ್ ಇಯರ್‌ಫೋನ್ ಸಾಕು, ರಬ್ಬರ್ ಸೈಜ್ ಸರಿ ಇಲ್ದಿದ್ರೆ ಎಷ್ಟೇ ಬೆಲೆ ಇದ್ರೂ ಬೇಸ್ ಸೋರಿ ಹೋಗುತ್ತೆ. ಹೊರಗಿನ ಶಬ್ದ ನಿಂತ್ರೆ ಸೌಂಡ್ ಕಮ್ಮೀಲೇ ಕೇಳ್ಬೋದು. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳೋದು ವಾರಕ್ಕೆ ನಲವತ್ತು ಗಂಟೆ, 80 ಡೆಸಿಬೆಲ್, ಅದರೊಳಗೆ ಇದ್ರೆ ಕ್ಷೇಮ ಅಂತ. ನಮ್ ಫ್ಯಾಕ್ಟರೀಲಿ ಕಿವಿ ಕಳ್ಕೊಂಡ ಹಿರಿಯರನ್ನ ದಿನಾ ನೋಡ್ತೀನಿ, ಅದಕ್ಕೇ ಇದನ್ನ ಒತ್ತಿ ಹೇಳೋದು. ಹಳಿ ದಾಟೋವಾಗ, ಗಾಡಿ ಓಡ್ಸೋವಾಗ ಹಾಕ್ಲೇಬೇಡಿ.

ಶುರು ಮಾಡೋಕೆ "ಚಿಲ್ಡ್ರನ್" ಪೂರ್ತಿದು. ಆಮೇಲೆ ಎನರ್ಜಿ 52 ಅವರ "ಕೆಫೆ ಡೆಲ್ ಮಾರ್", 1993ರದ್ದು, ಅದರ 1997ರ ತ್ರೀ ಎನ್ ಒನ್ ರೀಮಿಕ್ಸ್. ಪಾಲ್ ವಾನ್ ಡೈಕ್ ಅವರ "ಫಾರ್ ಆನ್ ಏಂಜಲ್". ಫೆರ್ರಿ ಕಾರ್ಸ್ಟನ್ ಸಿಸ್ಟಮ್ ಎಫ್ ಅನ್ನೋ ಹೆಸ್ರಲ್ಲಿ ಮಾಡಿದ "ಔಟ್ ಆಫ್ ದಿ ಬ್ಲೂ", 1999. ವಾರಾ ವಾರಾ ಕೇಳೋಕೆ ಆರ್ಮಿನ್ ವಾನ್ ಬ್ಯೂರನ್ ಅವರ ರೇಡಿಯೊ ಶೋ "ಎ ಸ್ಟೇಟ್ ಆಫ್ ಟ್ರಾನ್ಸ್", 2001ರಿಂದ ನಡೀತಾ ಇದೆ, ಎರಡು ಗಂಟೆ ಬರುತ್ತೆ. ನಿಮ್ ರೈಲಿಗೆ ಹೇಳಿ ಮಾಡ್ಸಿದ್ದು.

ಹುಡುಕೋವಾಗ "ಎಕ್ಸ್‌ಟೆಂಡೆಡ್ ಮಿಕ್ಸ್" ಅಥವಾ "ಒರಿಜಿನಲ್ ಮಿಕ್ಸ್" ಅಂತ ಇರೋದನ್ನ ಆರಿಸ್ಕೊಳ್ಳಿ, ಕತ್ತರಿಸಿ ಗಿಡ್ಡ ಮಾಡಿದ "ರೇಡಿಯೊ ಎಡಿಟ್" ಬೇಡ. ಮೊದಲ ಒಂದು ನಿಮಿಷ ಬರೀ ಡ್ರಮ್ ಇರುತ್ತೆ, ಖಾಲಿ ಅನ್ಸುತ್ತೆ. ಅದು ಡಿಜೆ ಹಿಂದಿನ ಟ್ರ್ಯಾಕ್ ಜೊತೆ ಹೊಲಿಯೋಕೆ ಬಿಟ್ಟಿರೋ ಅಂಚು, ಸೀರೆಗೆ ಅಂಚು ಇದ್ದಂಗೆ. ದಾಟಿಸ್ಬೇಡಿ, ಕೂತ್ಕೊಳ್ಳಿ.

ಪಾವಗಡ_ಬಿಸಿಲು | ಮಂಗಳವಾರ 10:55

ಅಜ್ಜಿ ಆರಾಮಿದಾರೆ ಬ್ರದರ್, ಕೇಳಿದ್ದಕ್ಕೆ ಥ್ಯಾಂಕ್ಸ್.

ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಚಾಪೆ ಹಾಕ್ಕೊಂಡು ನೀವು ಹೇಳಿದ "ಚಿಲ್ಡ್ರನ್" ಹಾಕ್ದೆ, ಫೋನ್‌ನ ಎದೆ ಮೇಲೆ ಮಗುಚಿ ಇಟ್ಟೆ, ಮುಟ್ಟಲ್ಲ ಅಂತ ಆಣೆ ಮಾಡ್ಕೊಂಡು. ಮೊದಲ ಸಲ ಅರ್ಧಕ್ಕೆ ನಿದ್ದೆ ಬಂತು. ಎದ್ದು ಮತ್ತೆ ಹಾಕ್ದೆ. ಈ ಸಲ ಆ ಬೀಟ್ ಬಗ್ಗೆ ತಲೆ ಕೆಡಿಸ್ಕೊಳ್ದೆ ಪಿಯಾನೊ ಹಿಂದೆ ಏನಿದೆ ಅಂತ ಮಾತ್ರ ಕೇಳ್ದೆ. ಹಿಂದೆ ಬಹಳ ಇದೆ. ಅದೇ ಸಾಲು ಮತ್ತೆ ಬಂದಾಗ ಅದೇ ಸಾಲು ಅನ್ಸಲಿಲ್ಲ. ಸಾಹಿತ್ಯ ಇಲ್ಲ ಅನ್ನೋದು ಮರ್ತೇ ಹೋಯ್ತು ಅಂತ ಹೇಳಲ್ಲ, ಈಗ್ಲೂ ನಂಗೆ ಮಾತಿರೋ ಹಾಡೇ ಹೆಚ್ಚು. ಆದ್ರೆ ಮುಗಿದ್ಮೇಲೆ ನಮ್ಮೂರ ರಾತ್ರಿ ಶಬ್ದ ಬೇರೆ ಥರ ಕೇಳಿಸ್ತು, ಜೀರುಂಡೆ, ದೂರದ ನಾಯಿ, ಯಾರದೋ ಬೋರ್‌ವೆಲ್ ಮೋಟಾರು, ಎಲ್ಲ ಬಿಡಿ ಬಿಡಿಯಾಗಿ.

ಎರಡನೇದು ಈ ಶನಿವಾರ ಕೇಳ್ತೀನಿ.

ಶಿಡ್ಲಘಟ್ಟ_ರೇಷ್ಮೆ | ಬುಧವಾರ 9:30

ಮೂರು ದಿನದಿಂದ ಎಲ್ಲ ಓದ್ತಾ ಇದೀನಿ, ಬರೆಯೋಕೆ ಈಗ ಬಿಡುವಾಯ್ತು.

ನಮ್ಮಪ್ಪ ರೀಲರ್. ಮನೆ ಹಿಂದೇನೇ ರೇಷ್ಮೆ ಬಿಚ್ಚೋ ಯೂನಿಟ್ ಇದೆ, ಹುಟ್ಟಿದಾಗಿಂದ ಅದೇ ಶಬ್ದ, ಅದೇ ಬೆಂದ ಗೂಡಿನ ವಾಸನೆ. ಅಪ್ಪ ಆಚೆ ಜಗುಲಿ ಮೇಲೆ ಕಾಫಿ ಕುಡೀತಾ ಕೂತಿದ್ರೂ ಒಳಗೆ ಯಾವ್ದಾದ್ರೂ ಒಂದು ರಾಟೆ ಚೂರು ನಿಧಾನ ಆದ್ರೆ "ಮೂರನೇದು ನೋಡೋ" ಅಂತಾರೆ, ಹೋಗಿ ನೋಡಿದ್ರೆ ಎಳೆ ಸಿಕ್ಕಾಗಿರುತ್ತೆ. ಬೇರೆಯವರಿಗೆ ಅದು ಒಂದೇ ಸಮ ಗುರ್ ಅನ್ನೋ ಸದ್ದು, ಅವರಿಗೆ ಹತ್ತು ರಾಟೆ ಹತ್ತು ಸದ್ದು. ನಂಗೆ ಟ್ರಾನ್ಸ್ ಯಾಕೆ ಮೊದಲ ದಿನವೇ ಹಿಡಿಸ್ತು ಅಂತ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ, ಇಲ್ಲಿ ನಿಮ್ಮದೆಲ್ಲ ಓದಿದ್ಮೇಲೆ ಹೊಳೀತು.

ಸೋಮವಾರ ಮಾರ್ಕೆಟಲ್ಲಿ ಗೂಡಿನ ರೇಟ್ ಏರಿ ಅಪ್ಪ ಬೇಜಾರಲ್ಲಿ ಬಂದಿದ್ರು. ಯೂನಿಟ್ ನಿಂತಿತ್ತು. ಜಗುಲಿ ಮೇಲೆ ಸುಮ್ನೆ ಕೂತಿದ್ರು. ನಾನು ಪಕ್ಕದಲ್ಲಿ ಕೂತು ಒಂದು ಇಯರ್‌ಫೋನ್ ಅವರ ಕಿವಿಗೆ ಇಟ್ಟೆ, ಇನ್ನೊಂದು ನಂಗೆ. ನನ್ ಹತ್ರ ಸೇವ್ ಆಗಿರೋ ಒಂದು ಟ್ರಾನ್ಸ್ ರೇಡಿಯೊ ಶೋನ ಹಳೇ ಎಪಿಸೋಡ್, ಅದ್ರಲ್ಲಿ ಯಾವ್ದೋ ಎಂಟು ನಿಮಿಷದ ಟ್ರ್ಯಾಕ್ ಓಡ್ತಿತ್ತು. ಬೇಡ ಅಂತ ತೆಗೀತಾರೆ ಅಂದ್ಕೊಂಡಿದ್ದೆ, ತೆಗೀಲಿಲ್ಲ. ಬಹಳ ಹೊತ್ತು ಮಾತೇ ಇಲ್ಲ, ರಸ್ತೆ ನೋಡ್ತಾ ಇದ್ರು. ಆಮೇಲೆ ಇದ್ದಕ್ಕಿದ್ದ ಹಾಗೆ ಕೈ ಎತ್ತಿ "ಆ ಚಿಕ್ ಚಿಕ್ ಅಂತಿತ್ತಲ್ಲ, ಅದು ನಿಂತೋಯ್ತು ಕಣೋ" ಅಂದ್ರು.

ನಂಗೆ ಗೊತ್ತಾಗಿರ್ಲಿಲ್ಲ. ಆಮೇಲೆ ರೂಮಿಗೆ ಹೋಗಿ ಅದೇ ಜಾಗ ಹಾಕಿ ಕೇಳ್ದೆ, ನಿಜ, ಬ್ರೇಕ್‌ಡೌನ್‌ಗೆ ಎಂಟು ಬಾರ್ ಮುಂಚೆ ಹೈಹ್ಯಾಟ್ ಮೆಲ್ಲಗೆ ಬಿಟ್ಟು ಹೋಗಿದೆ. ಎಷ್ಟು ಸಲ ಕೇಳಿದೀನಿ ಆ ಎಪಿಸೋಡ್‌ನ.

ಅಲ್ಲಿ ಕೂತಿದ್ದಾಗ ಅಪ್ಪ ಮತ್ತೆ "ವಾಪಸ್ ಬರುತ್ತಾ ಅದು?" ಅಂತ ಕೇಳಿದ್ರು. ಬರುತ್ತೆ ಇರಪ್ಪ, ಇನ್ನೊಂದು ನಿಮಿಷ ಅಂದೆ. ಸರಿ ಅಂತ ಇಯರ್‌ಫೋನ್‌ನ ಬೆರಳಲ್ಲಿ ಒತ್ತಿ ಹಿಡ್ಕೊಂಡ್ರು.